ಕೋಣೆಯ ಗಾಳಿ ನಿಮ್ಮ ಕೈಯಲ್ಲಿ: ಓದುವವರಿಗೆ, ದುಡಿಯುವವರಿಗೆ 12 ಸೂತ್ರಗಳು

ಟೈಮ್‌ಟೇಬಲ್ ಹಾಕಿದ್ದೀರಿ. ಫೋನನ್ನು ಪಕ್ಕದ ಕೋಣೆಯಲ್ಲಿ ಇಟ್ಟು ಬಂದಿದ್ದೀರಿ. ನೋಟ್ಸ್, ಮಾಕ್ ಟೆಸ್ಟ್, ಕಾಫಿ ಎಲ್ಲ ಸಿದ್ಧ. ಬಾಗಿಲು ಹಾಕಿ, ಎಸಿ ಆನ್ ಮಾಡಿ ಕೂತ ಎರಡು ಗಂಟೆಯಲ್ಲೇ ಕಣ್ಣುರಿ ಶುರು. ಮೂಗು ಕಟ್ಟುತ್ತದೆ, ತಲೆ ಭಾರವಾಗುತ್ತದೆ. ಆಗ ಹೆಚ್ಚಿನವರು ‘ನನಗೆ ಏಕಾಗ್ರತೆಯೇ ಇಲ್ಲ’ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ಆ ಅಭ್ಯಾಸ ಇವತ್ತೇ ಬಿಡಿ. ನಿಮ್ಮ ಮೇಲೆ ಅನುಮಾನಪಡುವ ಮುಂಚೆ ಕೋಣೆಯ ಗಾಳಿಯನ್ನು ಪರೀಕ್ಷಿಸಿ.

ಈ ಗಾಳಿಯನ್ನು ಹತೋಟಿಗೆ ತರಲು ಮೂರು ದಾರಿಗಳಿವೆ. ಒಂದು, ಎಸಿ ಅಥವಾ ಫರ್ನೇಸ್ (ಮನೆ ಬೆಚ್ಚಗಿಡುವ ಯಂತ್ರ) ಒಳಗೆ ಕೂತಿರುವ ಫಿಲ್ಟರ್. ಎರಡು, ಕಿಟಕಿ. ಮೂರು, ನಿಮ್ಮ ಶಿಸ್ತು. ಮೂರನ್ನೂ ಒಟ್ಟಿಗೆ ಬಳಸುವವರು ಗೆಲ್ಲುತ್ತಾರೆ. ಹೇಗೆಂದು ನೋಡಿ.

1. ಗಾಳಿಯನ್ನೂ ಪ್ಲಾನ್‌ಗೆ ಸೇರಿಸಿ

ಬೆಂಗಳೂರಿನ ವಿಜಯನಗರದ ಪಿ.ಜಿ.ಯಲ್ಲಿ ಕೆಎಎಸ್‌ಗೆ ಓದುತ್ತಿದ್ದೀರಾ? ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿದ್ದೀರಾ? ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತೀರಾ? ಹಾಗಾದರೆ ದಿನದ ಬಹುಪಾಲು ಒಂದೇ ಕೋಣೆಯ ಗಾಳಿಯನ್ನು ಉಸಿರಾಡುತ್ತಿದ್ದೀರಿ. ಊಟ, ನಿದ್ದೆಗೆ ಕೊಡುವ ಗಮನವನ್ನು ಗಾಳಿಗೂ ಕೊಡಿ.

ಕಾರಣ ಸ್ಪಷ್ಟ. ಇಸ್ರೇಲ್‌ನ ಹೈಸ್ಕೂಲ್ ವಿದ್ಯಾರ್ಥಿಗಳು ಬರೆಯುವ ಬಾಗ್ರುಟ್ ಪರೀಕ್ಷೆಯ ಅಂಕಗಳನ್ನು ಎಬೆನ್‌ಸ್ಟೈನ್, ಲವಿ, ರಾತ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಪರೀಕ್ಷೆಯ ದಿನದ ಗಾಳಿಯ ಗುಣಮಟ್ಟದೊಂದಿಗೆ ಇಟ್ಟು ನೋಡಿದರು. ಸೂಕ್ಷ್ಮ ಕಣಗಳು ಹೆಚ್ಚಿದ್ದ ದಿನ ಅದೇ ವಿದ್ಯಾರ್ಥಿಗಳ ಅಂಕ ಇಳಿದಿತ್ತು. 2016ರಲ್ಲಿ ಪ್ರಕಟವಾದ ಈ ಅಧ್ಯಯನ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಪ್ರತಿಯೊಬ್ಬರಿಗೂ ಒಂದು ಸೂಚನೆ. ಒಂದೊಂದು ಅಂಕಕ್ಕೂ ರ‍್ಯಾಂಕ್ ಬದಲಾಗುವ ಕಡೆ ಗಾಳಿಯನ್ನು ಅದೃಷ್ಟಕ್ಕೆ ಬಿಡಬೇಡಿ.

2. ಎದುರಾಳಿಯ ಸೈಜ್ ತಿಳಿಯಿರಿ

ಎಲ್ಲ ಧೂಳೂ ಒಂದೇ ಅಲ್ಲ. ಬಿಸಿಲುಕೋಲಿನಲ್ಲಿ ಕುಣಿಯುವುದು ದಪ್ಪ ಧೂಳು. ಅದರ ಬಹುಭಾಗವನ್ನು ಮೂಗು, ಗಂಟಲು ತಡೆಯುತ್ತವೆ. ನಿಜವಾದ ತೊಂದರೆ ಪಿಎಂ 2.5, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದರ ಮೂವತ್ತರಲ್ಲಿ ಒಂದು ಪಾಲು ಎಂದು ಊಹಿಸಿಕೊಳ್ಳಿ. ವಾಹನದ ಹೊಗೆ, ಕಸ ಸುಟ್ಟ ಹೊಗೆ, ಊದುಬತ್ತಿ, ಕರಿಯುವ ಎಣ್ಣೆ, ಪಟಾಕಿ, ಎಲ್ಲದರಿಂದಲೂ ಇವು ಬರುತ್ತವೆ. ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಯಾವ ಫಿಲ್ಟರ್ ನೋಡಿದರೂ ಒಂದೇ ಪ್ರಶ್ನೆ ಕೇಳಿ: ‘ಇದು ಎಷ್ಟು ಸಣ್ಣ ಕಣವನ್ನು ಹಿಡಿಯುತ್ತದೆ?’ ಈ ಪ್ರಶ್ನೆ ಕೇಳುವವರು ಜಾಹೀರಾತಿಗೆ ಮೋಸ ಹೋಗುವುದಿಲ್ಲ.

3. ನಿಮ್ಮ ಎಸಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯಿರಿ

‘ಎಸಿ ಹಾಕಿದರೆ ಹೊರಗಿನ ತಾಜಾ ಗಾಳಿ ಬರುತ್ತದೆ’ ಎಂದು ನಂಬಿದ್ದೀರಾ? ಆ ನಂಬಿಕೆ ತೆಗೆದುಹಾಕಿ. ಸಾಮಾನ್ಯ ಸ್ಪ್ಲಿಟ್ ಎಸಿ ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ಹೊರಗಿನ ಯೂನಿಟ್‌ಗೆ ಹೋಗುವ ಪೈಪಿನಲ್ಲಿ ಹರಿಯುವುದು ತಣ್ಣಗೆ ಮಾಡುವ ರೆಫ್ರಿಜರೆಂಟ್ ಮಾತ್ರ; ನೀವು ಉಸಿರಾಡುವ ಗಾಳಿಯಲ್ಲ.

ಅದರೊಳಗಿನ ಪ್ಲಾಸ್ಟಿಕ್ ಜಾಲರಿ ಹಿಟ್ಟಿನ ಜರಡಿ ಇದ್ದ ಹಾಗೆ: ತೌಡು ಮೇಲೆ ನಿಲ್ಲುತ್ತದೆ, ಹಿಟ್ಟು ಕೆಳಗೆ ಇಳಿಯುತ್ತದೆ. ಕೂದಲು, ಬಟ್ಟೆಯ ನೂಲು, ದಪ್ಪ ಧೂಳು ಸಿಕ್ಕಿಕೊಳ್ಳುತ್ತವೆ. ಪಿಎಂ 2.5 ಸರಾಗವಾಗಿ ದಾಟಿಹೋಗುತ್ತದೆ. ಜಾಲರಿಯ ಮುಖ್ಯ ಕೆಲಸ ಒಳಗಿನ ಕಾಯಿಲ್ ಅನ್ನು ಧೂಳಿನಿಂದ ಕಾಪಾಡುವುದು. ಕೆಲವು ಮಾಡೆಲ್‌ಗಳಲ್ಲಿ ಸೂಕ್ಷ್ಮ ಕಣಕ್ಕೆಂದೇ ಪ್ರತ್ಯೇಕ ಫಿಲ್ಟರ್ ಪಟ್ಟಿ ಇರುತ್ತದೆ. ಮ್ಯಾನ್ಯುಯಲ್ ತೆರೆದು ನಿಮ್ಮದರಲ್ಲಿ ಏನಿದೆ ನೋಡಿ. ಇಲ್ಲದ ಸಾಮರ್ಥ್ಯವನ್ನು ಎಸಿಯಿಂದ ನಿರೀಕ್ಷಿಸಬೇಡಿ. ಇರುವ ಸಾಮರ್ಥ್ಯವನ್ನು ಪೂರ್ತಿ ಬಳಸಿ.

4. ಎರಡು ವಾರಕ್ಕೊಮ್ಮೆ ಜಾಲರಿ ತೊಳೆಯಿರಿ

ಸರ್ವಿಸ್ ಹುಡುಗ ಬರುವವರೆಗೆ ಕಾಯಬೇಡಿ. ಇದು ಹತ್ತು-ಹದಿನೈದು ನಿಮಿಷದ ಕೈಕೆಲಸ. ಎಸಿ ಬಳಸುವ ಸೀಸನ್‌ನಲ್ಲಿ ಎರಡು ವಾರಕ್ಕೊಮ್ಮೆ ಮಾಡಿ.

ಮೊದಲು ಎಸಿ ಆಫ್ ಮಾಡಿ, ಅದರ ಎಂಸಿಬಿಯನ್ನೂ ಇಳಿಸಿ. ಮುಂದಿನ ಮುಚ್ಚಳ ಎತ್ತಿ. ಜಾಲರಿಯನ್ನು ಮೆಲ್ಲಗೆ ಎಳೆಯಿರಿ. ಕೋಣೆಯೊಳಗೆ ಕೊಡವಬೇಡಿ, ನೇರವಾಗಿ ಬಚ್ಚಲಿಗೆ ಒಯ್ಯಿರಿ. ನಲ್ಲಿ ನೀರು ಬಿಟ್ಟು ತೊಳೆಯಿರಿ. ಜಿಡ್ಡಿದ್ದರೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಬಿಸಿನೀರು, ಗಟ್ಟಿ ಬ್ರಷ್ ಬೇಡ, ಜಾಲರಿ ಸೊಟ್ಟಗಾಗುತ್ತದೆ. ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆಯೇ ಹಾಕಿ. ಸೂಕ್ಷ್ಮ ಕಣದ ಪಟ್ಟಿಯನ್ನು ಮಾತ್ರ ಮ್ಯಾನ್ಯುಯಲ್ ಹೇಳದೆ ತೊಳೆಯಬೇಡಿ, ಹಲವನ್ನು ಬದಲಿಸಲೇಬೇಕು.

ಧೂಳು ಕಟ್ಟಿದರೆ ಗಾಳಿಯ ಹರಿವು ಕುಗ್ಗುತ್ತದೆ. ಕಾಯಿಲ್ ಮೇಲೆ ಐಸ್ ಕಟ್ಟಬಹುದು, ನೀರು ಗೋಡೆಗೆ ಇಳಿಯಬಹುದು. ಕಾಯಿಲ್ ಸದಾ ಒದ್ದೆ. ಅದರ ಮೇಲೆ ಧೂಳು ಕೂತರೆ ಬೂಷ್ಟು ಬೆಳೆಯುತ್ತದೆ. ಎಸಿ ಆನ್ ಮಾಡಿದ ಕೂಡಲೇ ಬರುವ ಮುಗ್ಗಲು ವಾಸನೆಯ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಹಣದ ಲೆಕ್ಕವೂ ಇದೆ. ಕಟ್ಟಿಕೊಂಡ ಫಿಲ್ಟರ್ ಬದಲಿಸಿದರೆ ಎಸಿಯ ವಿದ್ಯುತ್ ಬಳಕೆ ಶೇ. 5ರಿಂದ 15ರಷ್ಟು ಇಳಿಯಬಹುದು ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಗಾಳಿ ಶುದ್ಧ, ಬಿಲ್ ಹಗುರ. ಇದಕ್ಕಿಂತ ಸುಲಭದ ಗೆಲುವು ಮನೆಯಲ್ಲಿ ಮತ್ತೊಂದಿಲ್ಲ.

5. ಮರ್ವ್ ನಂಬರ್ ಓದಲು ಕಲಿಯಿರಿ

ಎಂ.ಎಸ್. ಓದಲು ಅಥವಾ ಕೆಲಸಕ್ಕೆ ಅಮೆರಿಕ, ಕೆನಡಾಕ್ಕೆ ಹೊರಟಿದ್ದೀರಾ? ಅಲ್ಲಿನ ಬಹಳಷ್ಟು ಮನೆಗಳಲ್ಲಿ ಇಡೀ ಮನೆಗೆ ಒಂದೇ ಫರ್ನೇಸ್, ಒಂದೇ ಬ್ಲೋವರ್. ಚಳಿಗಾಲದಲ್ಲಿ ಬಿಸಿಗಾಳಿ, ಬೇಸಿಗೆಯಲ್ಲಿ ತಂಪುಗಾಳಿ ಅದೇ ಡಕ್ಟ್‌ನಲ್ಲಿ ಹರಿದು ಎಲ್ಲ ಕೋಣೆಗೂ ಹೋಗುತ್ತದೆ. ಆ ಹಾದಿಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಮನೆಯವರೆಲ್ಲರ ಉಸಿರೂ ಅದರ ಮೂಲಕವೇ ಹಾದುಬರುತ್ತದೆ.

ಅದರ ಅಂಚಿನಲ್ಲಿ ‘ಮರ್ವ್’ ಎಂಬ ನಂಬರ್ ನೋಡಿ. ಆಶ್ರೇ ಎಂಬ ಎಂಜಿನಿಯರ್‌ಗಳ ಸಂಸ್ಥೆ ರೂಪಿಸಿದ ಈ ಅಳತೆ 1ರಿಂದ 16ರವರೆಗೆ ಹೋಗುತ್ತದೆ. ಬೆಳಕು ತೂರುವಷ್ಟು ತೆಳುವಾದ ಅಗ್ಗದ ಫೈಬರ್‌ಗ್ಲಾಸ್ ಫಿಲ್ಟರ್‌ಗೆ 1ರಿಂದ 4 ಸಿಗುತ್ತದೆ. ಅದು ಯಂತ್ರವನ್ನು ಕಾಯುತ್ತದೆ, ನಿಮ್ಮನ್ನಲ್ಲ. ಮರ್ವ್ 8 ಪರಾಗ, ದಪ್ಪ ಧೂಳಿಗೆ ಒಳ್ಳೆಯದು. ಮರ್ವ್ 13 ಬೇರೆಯದೇ ಮಟ್ಟ: 1ರಿಂದ 3 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ. 85, ಹೊಗೆಯ ಗಾತ್ರದ 0.3ರಿಂದ 1 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಶೇ. 50 ಹಿಡಿಯಬೇಕು ಎಂಬುದು ಅದರ ಷರತ್ತು. ಅಂಗಡಿಯಲ್ಲಿ ‘ಸೂಪರ್’, ‘ಅಲ್ಟ್ರಾ’ ಎಂಬ ಮಾತು ಬಿಡಿ. ನಂಬರ್ ಓದಿ, ನಂಬರ್‌ಗೆ ದುಡ್ಡು ಕೊಡಿ.

6. ಸಿಸ್ಟಮ್‌ಗೆ ಹೊಂದುವ ಫಿಲ್ಟರ್ ಆರಿಸಿ

ದೊಡ್ಡ ನಂಬರ್ ಕಂಡ ಕೂಡಲೇ ತರಬೇಡಿ. ಫಿಲ್ಟರ್ ದಟ್ಟವಾದಷ್ಟೂ ಗಾಳಿ ಎಳೆಯಲು ಬ್ಲೋವರ್ ಹೆಚ್ಚು ಶ್ರಮಪಡಬೇಕು. ಹಳೆಯ ಸಿಸ್ಟಮ್‌ಗಳು ಅದಕ್ಕೆ ಸಿದ್ಧವಿಲ್ಲದಿರಬಹುದು. ಮ್ಯಾನ್ಯುಯಲ್ ನೋಡಿ, ಬಾಡಿಗೆ ಮನೆಯಾದರೆ ಲೀಸಿಂಗ್ ಆಫೀಸ್ ಕೇಳಿ. ನಿಮ್ಮ ಸಿಸ್ಟಮ್ ತಾಳುವ ಅತಿ ಹೆಚ್ಚಿನ ಮರ್ವ್ ಯಾವುದೋ ಅದನ್ನು ಹಾಕಿ; 13 ಆದರೆ ಉತ್ತಮ.

ಸೈಜ್ ಬರೆದುಕೊಳ್ಳಿ. ಹಳೆಯ ಫಿಲ್ಟರ್ ಅಂಚಿನಲ್ಲೇ 16×25×1 ಎಂಬಂತೆ ಇಂಚಿನಲ್ಲಿ ಅಚ್ಚಾಗಿರುತ್ತದೆ. ಸುತ್ತ ಸಂದಿ ಬಿಡಬೇಡಿ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ, ಸೋಸದೆಯೇ ಒಳಗೆ ಬರುತ್ತದೆ. ಅಂಚಿನ ಬಾಣದ ಗುರುತು ಬ್ಲೋವರ್ ಕಡೆ ಇರಲಿ. ಹೊಗೆ, ಧೂಳು ಹೆಚ್ಚಿದ ದಿನ ಥರ್ಮೋಸ್ಟಾಟ್‌ನಲ್ಲಿ ಫ್ಯಾನ್ ಅನ್ನು ‘ಆಟೋ’ದಿಂದ ‘ಆನ್’ಗೆ ತಿರುಗಿಸಿ. ಬ್ಲೋವರ್ ನಿಂತಾಗ ಎಷ್ಟೇ ದುಬಾರಿ ಫಿಲ್ಟರ್ ಇದ್ದರೂ ಒಂದು ಕಣವನ್ನೂ ಹಿಡಿಯದು.

ಒಳ್ಳೆಯ ಫಿಲ್ಟರ್‌ನ ಬೆಲೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 2020ರ ಸೆಪ್ಟೆಂಬರ್ 9ರಂದು ಕಾಡ್ಗಿಚ್ಚಿನ ಹೊಗೆಯಿಂದ ಅಲ್ಲಿನ ಆಕಾಶ ಹಗಲಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಂಥ ದಿನ ಫಿಲ್ಟರ್ ಹುಡುಕಿಕೊಂಡು ಅಂಗಡಿಗೆ ಓಡುವುದು ತಡವಾದ ಕೆಲಸ. ಒಂದು ಸ್ಪೇರ್ ಫಿಲ್ಟರ್ ಮೊದಲೇ ತಂದಿಡಿ.

7. ಪ್ಯೂರಿಫೈಯರ್ ಕೊಳ್ಳುವಾಗ ಗಣಿತ ಮಾಡಿ

ಡಿಸ್‌ಪ್ಲೇ, ಆ್ಯಪ್, ಬಣ್ಣದ ಲೈಟ್ ನೋಡಿ ಮರುಳಾಗಬೇಡಿ. ಎರಡೇ ವಿಷಯ ನೋಡಿ: ನಿಜವಾದ ಹೆಪಾ ಫಿಲ್ಟರ್, ಮತ್ತು ಸಿಎಡಿಆರ್. ಅಮೆರಿಕದ ಮಾನದಂಡದ ಹೆಪಾ 0.3 ಮೈಕ್ರಾನ್ ಕಣಗಳಲ್ಲಿ ಶೇ. 99.97 ಹಿಡಿಯಬೇಕು. ಆ ಗಾತ್ರದ ಸುತ್ತಲಿನ ಕಣಗಳೇ ಹಿಡಿಯಲು ಅತಿ ಕಷ್ಟ. ಅದಕ್ಕಿಂತ ದೊಡ್ಡವೂ ಸಣ್ಣವೂ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತವೆ. ಸಿಎಡಿಆರ್ ಎಂದರೆ ಯಂತ್ರ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ.

ಸುಲಭ ಸೂತ್ರ: ಕೋಣೆಯ ಚದರ ಅಡಿಯ ಮೂರನೇ ಎರಡು ಪಾಲಿನಷ್ಟು ಸಿಎಡಿಆರ್, ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಲೆಕ್ಕದಲ್ಲಿ ಬೇಕು. 10×12 ಅಡಿ ಕೋಣೆ 120 ಚದರ ಅಡಿ. ಹಾಗಾದರೆ 80 ಸಿಎಫ್‌ಎಂ. ಇದು 8 ಅಡಿ ಎತ್ತರದ ಕೋಣೆಯ ಲೆಕ್ಕ. ನಮ್ಮ ಕಡೆ ಸೀಲಿಂಗ್ ಸುಮಾರು 10 ಅಡಿ ಇರುವುದರಿಂದ 100 ಎಂದು ಹಿಡಿಯಿರಿ. ನಮ್ಮಲ್ಲಿ ಡಬ್ಬದ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತಾರೆ, 1.7ರಿಂದ ಗುಣಿಸಿದರೆ 170. ಅದಕ್ಕಿಂತ ಸ್ವಲ್ಪ ಹೆಚ್ಚಿನದನ್ನೇ ಕೊಳ್ಳಿ, ಆಗ ಕಡಿಮೆ ಸ್ಪೀಡ್‌ನಲ್ಲಿ ಸದ್ದಿಲ್ಲದೆ ಓಡಿಸಬಹುದು. ಸದ್ದು ಮಾಡುವ ಯಂತ್ರವನ್ನು ಓದುವಾಗ ಆಫ್ ಮಾಡುತ್ತೀರಿ. ಆಫ್ ಆದ ಯಂತ್ರದಿಂದ ಪ್ರಯೋಜನವಿಲ್ಲ.

ಯುಪಿಎಸ್‌ಸಿ ಕೋಚಿಂಗ್‌ಗೆ ದೆಹಲಿಯ ಮುಖರ್ಜಿನಗರ, ಓಲ್ಡ್ ರಾಜೇಂದ್ರನಗರಕ್ಕೆ ಹೋಗುವವರು ಈ ಲೆಕ್ಕವನ್ನು ನವೆಂಬರ್‌ಗೆ ಮುಂಚೆಯೇ ಮುಗಿಸಿ. ರೂಮ್‌ಮೇಟ್‌ಗಳ ಜೊತೆ ಖರ್ಚು ಹಂಚಿಕೊಳ್ಳಿ.

8. ಬಜೆಟ್ ಕಡಿಮೆಯೇ? ಕೈಯಾರೆ ಕಟ್ಟಿ

‘ನನ್ನ ಹತ್ತಿರ ದುಡ್ಡಿಲ್ಲ’ ಎಂದು ನಿಲ್ಲಬೇಡಿ. 2020ರಲ್ಲಿ ರಿಚರ್ಡ್ ಕಾರ್ಸಿ ಎಂಬ ಪರಿಸರ ಎಂಜಿನಿಯರ್, ಜಿಮ್ ರೋಸೆಂಥಾಲ್ ಎಂಬ ಫಿಲ್ಟರ್ ಉದ್ಯಮಿ ಸೇರಿ ಒಂದು ಸರಳ ದಾರಿ ತೋರಿಸಿದರು. ನಾಲ್ಕೈದು ಮರ್ವ್ 13 ಫಿಲ್ಟರ್‌ಗಳನ್ನು ಡಬ್ಬದ ಆಕಾರದಲ್ಲಿ ಟೇಪ್ ಹಾಕಿ ಅಂಟಿಸಿ, ಮೇಲೆ ಒಂದು ಬಾಕ್ಸ್ ಫ್ಯಾನ್ ಕೂರಿಸುವುದು. ಅದೇ ಕಾರ್ಸಿ–ರೋಸೆಂಥಾಲ್ ಬಾಕ್ಸ್. ಅಮೆರಿಕದ ಶಾಲೆ, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳೇ ಕೂತು ಇವನ್ನು ಕಟ್ಟಿದ್ದಾರೆ. ಸುರಕ್ಷತೆಯ ಗುರುತಿರುವ ಹೊಸ ಫ್ಯಾನನ್ನೇ ಬಳಸಿ. ಬಾಣದ ಗುರುತು ಡಬ್ಬದ ಒಳಮುಖವಾಗಿರಲಿ. ಸಾಧನ ಕಡಿಮೆ ಇದ್ದಾಗ ಬುದ್ಧಿ ಹೆಚ್ಚು ಬಳಸಿ.

9. ಕಿಟಕಿಗೂ ಟೈಮ್‌ಟೇಬಲ್ ಹಾಕಿ

ಫಿಲ್ಟರ್ ಕಣ ಹಿಡಿಯುತ್ತದೆ. ನೀವು ಉಸಿರು ಬಿಡುವ ಇಂಗಾಲದ ಡೈಆಕ್ಸೈಡ್ ಹಿಡಿಯುವುದಿಲ್ಲ. ಮೂವರು ಮಲಗುವ ಮುಚ್ಚಿದ ಪಿ.ಜಿ. ರೂಮಿನಲ್ಲಿ ಅದು ಏರುತ್ತಲೇ ಹೋಗುತ್ತದೆ. 2012ರಲ್ಲಿ ಉಷಾ ಸತೀಶ್ ಮತ್ತು ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು 22 ಜನರನ್ನು 600, 1000 ಮತ್ತು 2500 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು) ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯಲ್ಲಿ ಕೂರಿಸಿ ನಿರ್ಧಾರ ತೆಗೆದುಕೊಳ್ಳುವ ಶಕ್ತಿ ಅಳೆದರು. 1000ದಲ್ಲಿ ಸಾಮರ್ಥ್ಯ ಇಳಿಯಿತು, 2500ರಲ್ಲಿ ಇನ್ನಷ್ಟು ಕುಸಿಯಿತು. ನಂತರದ ಎಲ್ಲ ಅಧ್ಯಯನಗಳೂ ಇಷ್ಟೇ ದೊಡ್ಡ ಇಳಿಕೆ ಕಂಡಿಲ್ಲ. ಆದರೆ ಕಿಟಕಿ ತೆರೆಯಲು ಒಂದು ಪೈಸೆಯೂ ಬೇಡ.

ಗಂಟೆ-ಒಂದೂವರೆ ಗಂಟೆಗೊಮ್ಮೆ ಬ್ರೇಕ್ ತೆಗೆದುಕೊಳ್ಳಿ. ಐದಾರು ನಿಮಿಷ ಕಿಟಕಿ, ಬಾಗಿಲು ಎರಡನ್ನೂ ತೆರೆಯಿರಿ, ಗಾಳಿ ಅಡ್ಡಹಾಯಲಿ. ರಸ್ತೆ ಬದಿಯ ಮನೆಯಾದರೆ ಟ್ರಾಫಿಕ್ ಜೋರಿರುವ ಹೊತ್ತು ತಪ್ಪಿಸಿ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಕೆಲಸ ನಿಂತ ಮೇಲೆ ತೆರೆಯಿರಿ. ದೀಪಾವಳಿಯ ರಾತ್ರಿ, ಕಸ ಸುಡುವ ಹೊತ್ತು ಮುಚ್ಚಿಡಿ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಅರಿತವರಿಗೆ ಕಿಟಕಿಯೂ ಒಂದು ಯಂತ್ರ.

10. ಹೊಗೆ ಹುಟ್ಟುವ ಕಡೆಯೇ ತಡೆಯಿರಿ

ಒಳಗೆ ಹೊಗೆ ಎಬ್ಬಿಸಿ ಆಮೇಲೆ ಫಿಲ್ಟರ್ ಬೈಯಬೇಡಿ. ಮುಚ್ಚಿದ ಕೋಣೆಯಲ್ಲಿ ಸೊಳ್ಳೆ ಕಾಯಿಲ್ ಹಚ್ಚಬೇಡಿ. ಸೊಳ್ಳೆ ಪರದೆ ಕಟ್ಟಿ. ಊದುಬತ್ತಿ, ಸಾಂಬ್ರಾಣಿಯನ್ನು ಕಿಟಕಿ ತೆರೆದು ಹಚ್ಚಿ, ಪೂಜೆ ಮುಗಿದ ಮೇಲೆ ಗಾಳಿಯಾಡಲು ಬಿಡಿ. ಓದುವ ಮೇಜಿನ ಪಕ್ಕ ಬೇಡ. ಒಗ್ಗರಣೆ ಹಾಕುವ ಮುಂಚೆಯೇ ಎಕ್ಸಾಸ್ಟ್ ಫ್ಯಾನ್ ಅಥವಾ ಚಿಮಣಿ ಹಾಕಿ, ಅಡುಗೆಯಾದ ಮೇಲೂ ಸ್ವಲ್ಪ ಹೊತ್ತು ಓಡಲಿ. ಚಿಮಣಿಯ ಜಿಡ್ಡು ಹಿಡಿದ ಫಿಲ್ಟರ್ ತೊಳೆಯಿರಿ.

ಎಸಿ ಇಲ್ಲದ ರೂಮೇ? ನಿಮಗೂ ಕೆಲಸ ಇದೆ. ಒಣ ಪೊರಕೆಯಿಂದ ಗುಡಿಸಿದರೆ ಕೂತ ಧೂಳು ಎದ್ದು ಗಾಳಿಗೆ ಸೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ. ಫ್ಯಾನ್ ರೆಕ್ಕೆ, ಪುಸ್ತಕದ ಕಪಾಟು ಮರೆಯಬೇಡಿ. ಚಪ್ಪಲಿ ಹೊರಗೇ ಬಿಡುವ ನಮ್ಮ ಹಳೆಯ ರೂಢಿಯನ್ನು ಗಟ್ಟಿಯಾಗಿ ಹಿಡಿಯಿರಿ. ಒಳಗೆ ಹುಟ್ಟದ ಕಣವನ್ನು ಸೋಸುವ ಖರ್ಚೇ ಇಲ್ಲ.

11. ಫಿಲ್ಟರ್‌ನ ಮಿತಿ ಅರಿಯಿರಿ, ಜೀವ ಉಳಿಸಿಕೊಳ್ಳಿ

ಈ ಸೂತ್ರದಲ್ಲಿ ರಾಜಿ ಇಲ್ಲ. ಕಣ ಹಿಡಿಯುವ ಯಾವ ಫಿಲ್ಟರ್ ಕೂಡ ಕಾರ್ಬನ್ ಮಾನಾಕ್ಸೈಡ್ ಹಿಡಿಯುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ, ಇದ್ದಿಲ ಅಗ್ಗಿಷ್ಟಿಕೆ ಎಂದೂ ಇಡಬೇಡಿ. ನಿದ್ದೆಯಲ್ಲೇ ಜೀವ ಹೋಗಬಹುದು. ಗ್ಯಾಸ್ ಗೀಸರ್ ಇದ್ದರೆ ಬಚ್ಚಲಿನ ವೆಂಟಿಲೇಟರ್ ತೆರೆದೇ ಇರಲಿ. ವಿದೇಶದಲ್ಲಿ ಗ್ಯಾಸ್ ಫರ್ನೇಸ್ ಇರುವ ಮನೆಯಾದರೆ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಇದೆಯೇ, ಕೆಲಸ ಮಾಡುತ್ತಿದೆಯೇ ಎಂದು ಮೊದಲ ದಿನವೇ ನೋಡಿ.

ಹೊಸ ಪೇಂಟ್, ಹೊಸ ಪ್ಲೈವುಡ್‌ನಿಂದ ಬರುವ ಅನಿಲಕ್ಕೆ ಕಾರ್ಬನ್ ಫಿಲ್ಟರ್ ಸ್ವಲ್ಪ ನೆರವಾಗುತ್ತದೆ; ಹೆಚ್ಚಿನ ನೆರವು ತೆರೆದ ಕಿಟಕಿಯದು. ‘ಓಝೋನ್ ಬಿಟ್ಟು ಗಾಳಿ ಶುದ್ಧ ಮಾಡುತ್ತದೆ’ ಎನ್ನುವ ಯಂತ್ರವನ್ನು ಮನೆಗೆ ತರಬೇಡಿ. ಓಝೋನ್ ಶ್ವಾಸಕೋಶವನ್ನೇ ಕೆರಳಿಸುತ್ತದೆ. ಆಸ್ತಮಾ, ಬಿಡದ ಕೆಮ್ಮು ಇದ್ದರೆ ಡಾಕ್ಟರ್ ಬಳಿ ಹೋಗಿ, ಫಿಲ್ಟರ್ ಔಷಧಿಯಲ್ಲ.

12. ಅಳೆಯಿರಿ, ದಿನಾಂಕ ಬರೆಯಿರಿ, ಮುಂದುವರಿಸಿ

ಅಂದಾಜಿನ ಮೇಲೆ ಓಡಬೇಡಿ. ಸಾಧ್ಯವಾದರೆ ಪಿಎಂ 2.5 ತೋರಿಸುವ ಸಣ್ಣ ಮೀಟರ್ ಗೆಳೆಯರೆಲ್ಲ ಸೇರಿ ಕೊಳ್ಳಿ. ಅದರ ಅಂಕಿ ಲ್ಯಾಬ್‌ನಷ್ಟು ನಿಖರವಲ್ಲ, ಆದರೆ ‘ಮುಂಚೆ ಎಷ್ಟಿತ್ತು, ಈಗ ಎಷ್ಟಾಯಿತು’ ಎಂದು ತಿಳಿಯಲು ಸಾಕು. ಭಾರತದ 2009ರ ಮಾನದಂಡದಲ್ಲಿ ಪಿಎಂ 2.5ರ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಎರಡೂ ಹೆಚ್ಚಾಗಿ ಹೊರಗಿನ ಗಾಳಿಯ ವಿಚಾರದಲ್ಲಿ ಕೇಳಿಬರುವ ಅಂಕಿಗಳಾದರೂ ನಿಮ್ಮ ಕೋಣೆಗೆ ಗುರಿ 15 ಇರಲಿ. ಗುರಿ ಎತ್ತರದಲ್ಲಿದ್ದರೆ ಪ್ರಯತ್ನವೂ ಎತ್ತರಕ್ಕೆ ಏರುತ್ತದೆ.

ಫಿಲ್ಟರ್ ಹಾಕಿದ ದಿನಾಂಕವನ್ನು ಅದರ ಅಂಚಿನಲ್ಲೇ ಮಾರ್ಕರ್‌ನಿಂದ ಬರೆಯಿರಿ. ಫೋನಿನಲ್ಲಿ ರಿಮೈಂಡರ್ ಇಡಿ: ಸ್ಪ್ಲಿಟ್ ಎಸಿ ಜಾಲರಿಗೆ ಎರಡು ವಾರ, ಫರ್ನೇಸ್ ಫಿಲ್ಟರ್‌ಗೆ ಎರಡರಿಂದ ಮೂರು ತಿಂಗಳು, ಪ್ಯೂರಿಫೈಯರ್ ಹೆಪಾಗೆ ಕಂಪನಿ ಹೇಳಿದಷ್ಟು. ಹೊಗೆ, ಧೂಳಿನ ಕಾಲದಲ್ಲಿ ಇನ್ನೂ ಬೇಗ. ಒಮ್ಮೆ ಹುರುಪಿನಿಂದ ಮಾಡಿ ಮರೆತರೆ ಏನೂ ಉಳಿಯುವುದಿಲ್ಲ. ತಪ್ಪದೆ ಮಾಡುವವರಿಗೇ ಫಲ.

ಇವತ್ತೇ ಮಾಡಿ

‘ಇಷ್ಟರಿಂದ ಏನಾದೀತು?’ ಎಂಬ ಅನುಮಾನ ಸೋಮಾರಿತನದ ಇನ್ನೊಂದು ಹೆಸರು. ಫಿಲ್ಟರ್ ನಿಮ್ಮ ಬದಲಿಗೆ ಪರೀಕ್ಷೆ ಬರೆಯುವುದಿಲ್ಲ, ಪ್ರಾಜೆಕ್ಟ್ ಮುಗಿಸುವುದಿಲ್ಲ. ಆದರೆ ನಿಮ್ಮ ಶ್ರಮ ಸೋರಿಹೋಗುವ ಒಂದು ತೂತನ್ನು ಮುಚ್ಚುತ್ತದೆ. ರಾತ್ರಿ ಊಟಕ್ಕೆ ಮುಂಚೆ ಎಸಿಯ ಮುಚ್ಚಳ ಎತ್ತಿ, ಜಾಲರಿ ತೊಳೆದು ಒಣಹಾಕಿ. ಫ್ಯಾನ್ ರೆಕ್ಕೆ ಒರೆಸಿ. ಮುಂದಿನ ಎರಡು ವಾರಕ್ಕೆ ರಿಮೈಂಡರ್ ಇಡಿ. ನಾಳೆ ಬೆಳಗ್ಗೆ ಮೊದಲ ಬ್ರೇಕ್‌ನಲ್ಲಿ ಕಿಟಕಿ ತೆರೆಯಿರಿ. ಈ ನಾಲ್ಕು ಕೆಲಸ ಮುಗಿಸಿ ಓದಲು ಕೂತುಕೊಳ್ಳಿ.